ವಾಚನಾಲಯದ ಹಳೇ ಕಂಪ್ಯೂಟರು: ಒಂದು ರಿಪೇರಿಯ ಚರಿತ್ರೆ

ನಮ್ಮ ವಾಚನಾಲಯದ ಮೂಲೆಯಲ್ಲಿ ಹಳೇ ಪಂಚೆ ಹೊದ್ದುಕೊಂಡು ಕೂತಿರುವ ಕಂಪ್ಯೂಟರನ್ನು ನೀವೆಲ್ಲ ನೋಡಿದ್ದೀರಿ. ಹೋದ ದೀಪಾವಳಿಗೆ ಸುಣ್ಣ ಹೊಡೆಸುವಾಗ ಹುಡುಗರು ಅದನ್ನು ಎತ್ತಿ ಹೊರಗಿಟ್ಟಿದ್ದರು. ಗುಜರಿಯವನು ಗಾಡಿ ನಿಲ್ಲಿಸಿ, "ಅಣ್ಣಾ, ಇನ್ನೂರು ರೂಪಾಯಿ ಕೊಡ್ತೀನಿ, ಹಾಕ್ಲಾ?" ಅಂತ ಕೇಳಿಯೂ ಬಿಟ್ಟ. ನಾನು ಬೇಡ ಅಂದೆ. "ಓಡಲ್ವಲ್ಲಾ, ಯಾಕೆ ಇಟ್ಕೊಂಡಿದ್ದೀರಾ?" ಅಂದರು ಹುಡುಗರು. ಅವರು ಕೇಳಿದ್ದು ಸರಿ. ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಬರಹ.

ರಾಯಕೋಟೆಯವರಿಗೆ ಚರಿತ್ರೆ ಅಂದರೆ ಬೆಟ್ಟದ ಮೇಲಿನ ಕೋಟೆ. 1791ರಲ್ಲಿ, ಮೂರನೇ ಮೈಸೂರು ಯುದ್ಧದಲ್ಲಿ, ಇಂಗ್ಲಿಷರ ಮೇಜರ್ ಗೌಡಿ ಅದನ್ನು ಹಿಡಿದ. ಮಾರನೇ ವರ್ಷದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನು ಬಿಟ್ಟುಕೊಟ್ಟ. ಆಮೇಲೆ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ, ಊರೂರು ತಿರುಗಿ ಹೊಲ ಅಳೆದು ಕಾಗದ ಬರೆದಿಟ್ಟರು. 'ಬಾರಾಮಹಲ್ ರೆಕಾರ್ಡ್ಸ್' ಅಂತ ಆ ಕಾಗದಗಳನ್ನು ಮದರಾಸು ಸರ್ಕಾರ ನೂರು ವರ್ಷದ ನಂತರ ಅಚ್ಚು ಹಾಕಿಸಿತು. ಇವತ್ತಿಗೂ ಓದಬಹುದು. ಇನ್ನೂರು ವರ್ಷದ ಹಿಂದಿನ ಕಾಗದವನ್ನು ಓದಬಹುದು, ಆದರೆ ನಮ್ಮದೇ ಊರಲ್ಲಿ ಹತ್ತು ಹನ್ನೆರಡು ವರ್ಷದ ಹಿಂದೆ ಬರೆದದ್ದನ್ನು ಓದಲಾಗದೆ ನಾವು ಪರದಾಡಿದೆವು. ನಾನು ಹೇಳುವ ಚರಿತ್ರೆ ಅದು.

ಯಂತ್ರ ಬಂದದ್ದು

ಕಂಪ್ಯೂಟರು ಮನೆಗೆ ಬರುವ ವಸ್ತುವಾದದ್ದು ತೀರಾ ಈಚೆಗೆ. 1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ವಿಶೇಷ ಏನೆಂದರೆ, ಒಳಗಿನ ಭಾಗಗಳೆಲ್ಲ ಬಿಡಿಬಿಡಿ. ಒಂದು ಕೆಟ್ಟರೆ ಅದನ್ನಷ್ಟೇ ಕಿತ್ತು ಇನ್ನೊಂದು ಹಾಕಬಹುದು. ಹಾಗಾಗಿ ಅದನ್ನು ನೋಡಿ ಅದೇ ಥರದ್ದನ್ನು ಲೋಕದ ಎಲ್ಲಾ ಕಡೆ ಜೋಡಿಸತೊಡಗಿದರು. ಎತ್ತಿನ ಗಾಡಿಯ ಹಾಗೆ: ಗಾಲಿ ಹೋದರೆ ಗಾಲಿ, ಮೂಕಿ ಮುರಿದರೆ ಮೂಕಿ. ರಿಪೇರಿ ಅನ್ನುವ ಕಸುಬು ಹುಟ್ಟಿದ್ದೇ ಈ ಗುಣದಿಂದ.

ನಮ್ಮ ದೇಶದಲ್ಲಿ ಐಬಿಎಂ ಕಂಪನಿ 1978ರಲ್ಲೇ ವ್ಯವಹಾರ ಮುಚ್ಚಿ ಹೋಗಿತ್ತು. 1984ರಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಬಿಗಿ ಸಡಿಲಿಸಿತು. ಅದೇ ಹೊತ್ತಿಗೆ ದೇಶದ ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಡಿಸುವ ಯೋಜನೆಯೂ ಶುರುವಾಯಿತು. ಆಗ ನಮ್ಮ ಕಡೆಯ ಶಾಲೆಗಳಲ್ಲಿ ಗಡಿಯಾರವೇ ಸರಿಯಾಗಿ ಓಡುತ್ತಿರಲಿಲ್ಲ.

ನಮಗೆ ಕಂಪ್ಯೂಟರು ಬಂದ ದಾರಿ ಬೇರೆ. ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬೆಳೆದು, ಕಾರ್ಖಾನೆ ಆಫೀಸುಗಳಲ್ಲಿ ಮೊದಲು ಕಂಪ್ಯೂಟರ್ ಕೂತವು. ಆಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ನಾಲ್ಕು ಟೈಪ್‌ರೈಟರ್ ಸರಿಸಿ ಒಂದು ಕಂಪ್ಯೂಟರ್ ಇಟ್ಟರು, ಬೋರ್ಡು ಬದಲಾಯಿಸಿದರು. ನಾನು ಡಿಪ್ಲೊಮಾ ಮುಗಿಸಿ ಹೊಸೂರಿನ ಒಂದು ಕಾರ್ಖಾನೆಗೆ ಸೇರಿದ್ದು ಆ ಕಾಲದಲ್ಲಿ.

ನಮ್ಮೂರಿನ ಕನ್ನಡ ಮೇಷ್ಟ್ರು ರಿಟೈರಾದದ್ದು 2000ದಲ್ಲಿ. ಬಂದ ದುಡ್ಡಿನಲ್ಲಿ ಸ್ವಲ್ಪ ತೆಗೆದು, "ಏನೋ ಮಗಾ, ನನಗೊಂದು ಕಂಪ್ಯೂಟರ್ ಕೊಡಿಸೋ" ಅಂದರು. "ನಿಮಗ್ಯಾಕೆ ಸಾರ್ ಈ ವಯಸ್ಸಲ್ಲಿ?" ಅಂದೆ. "ನನ್ನ ಅಕ್ಷರ ನನ್ನ ಮಕ್ಕಳಿಗೇ ಓದಕ್ಕೆ ಬರಲ್ಲ. ಅಚ್ಚಿನ ಅಕ್ಷರ ಆದ್ರೆ ಯಾರಾದ್ರೂ ಓದ್ತಾರೆ" ಅಂದರು. ಇಬ್ಬರೂ ಬೆಂಗಳೂರಿಗೆ ಹೋದೆವು. ಎಸ್.ಪಿ. ರೋಡಿನ ಸಣ್ಣ ಅಂಗಡಿಯಲ್ಲಿ ಕಣ್ಣೆದುರೇ ಜೋಡಿಸಿಕೊಟ್ಟರು: ಸೆಲೆರಾನ್ ಪ್ರೊಸೆಸರು, 64 ಎಂಬಿ ರ್‍ಯಾಮ್, 10 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ಮಾನಿಟರು ಟಿವಿಯಷ್ಟು ದಪ್ಪ. ಹೊಸೂರಿಗೊಂದು ಬಸ್ಸು, ಅಲ್ಲಿಂದ ಕೆಲಮಂಗಲದ ಮೇಲೆ ರಾಯಕೋಟೆಗೊಂದು ಬಸ್ಸು. ಮಾನಿಟರು ಮೇಷ್ಟ್ರ ತೊಡೆ ಮೇಲೆ, ಪೆಟ್ಟಿಗೆ ನನ್ನ ತೊಡೆ ಮೇಲೆ. ಕಂಡಕ್ಟರು ಲಗೇಜ್ ಟಿಕೆಟ್ ಹರಿದ.

ಕನ್ನಡ ಬಂದದ್ದು

ಯಂತ್ರವೇನೋ ಬಂತು, ಕನ್ನಡ ಬಂದಿರಲಿಲ್ಲ. ಹೊಸೂರಿನ ಅಂಗಡಿಗಳಲ್ಲಿ ತಮಿಳು ಫಾಂಟ್ ಕೇಳಿದರೆ ಕೊಡುತ್ತಿದ್ದರು. ಕನ್ನಡ ಅಂದರೆ, "ಅದಕ್ಕೆ ಬೆಂಗಳೂರಿಗೆ ಹೋಗಬೇಕು" ಅನ್ನುತ್ತಿದ್ದರು.

ಕಂಪ್ಯೂಟರಿನ ಕೀಲಿಮಣೆಗೆ ಕನ್ನಡ ಕೂರಿಸಿದವರಲ್ಲಿ ಮೊದಲು ನೆನೆಯಬೇಕಾದವರು ಕೆ.ಪಿ. ರಾವ್. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಅಷ್ಟೂ ಅಕ್ಷರ, ಗುಣಿತ, ಒತ್ತು ಮೂಡಿಸುವ ವಿನ್ಯಾಸ ಅವರದು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೆ ಅದೇ ಬುನಾದಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾಗಿತ್ತು. ಕೆಲವು ವರ್ಷಕ್ಕೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಯಾರೋ ಸಿ.ಡಿ.ಯಲ್ಲಿ ತಂದುಕೊಟ್ಟ ಬರಹವನ್ನು ಮೇಷ್ಟ್ರ ಯಂತ್ರಕ್ಕೆ ನಾನೇ ಹಾಕಿದೆ. ಅವರು ಮೊದಲು ಟೈಪ್ ಮಾಡಿದ್ದು ತಮ್ಮ ವಿಳಾಸ. ಎರಡೇ ಬೆರಳಲ್ಲಿ, ಹತ್ತು ನಿಮಿಷ ಹಿಡಿಯಿತು. ಕೊನೆಯ ಸಾಲು 'ಧರ್ಮಪುರಿ ಜಿಲ್ಲೆ'. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಒಂಬತ್ತು ವರ್ಷ ಮೇಷ್ಟ್ರು ಬರೆದರು. ಅಜ್ಜಿಯರು ಹೇಳಿದ ಸೋಬಾನೆ ಪದ, ರಾಗಿ ಬೀಸುವ ಪದ, ಒಗಟು. ಸುತ್ತಲ ಕೆರೆ, ಕುಂಟೆ, ಹೊಲಗಳ ಕನ್ನಡ ಹೆಸರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ದೇವರ ಮುಂದೆ ಕನ್ನಡ ಆಡುವ ನಮ್ಮ ಕಡೆಯವರ ಮಾತು. 2006ರಲ್ಲಿ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ತಮಿಳು ಕಡ್ಡಾಯ ಕಲಿಕೆಯ ಕಾನೂನು ಬಂದ ಮೇಲೆ ಅವರ ಬರೆಯುವ ವೇಗ ಹೆಚ್ಚಿತು. "ತಮಿಳು ಕಲೀಲಿ, ಅನ್ನ ಕೊಡೋ ಭಾಷೆ. ಆದ್ರೆ ಇದೂ ಒಂದ್ಕಡೆ ಇರ್ಲಿ" ಅನ್ನುತ್ತಿದ್ದರು.

ಕೆಟ್ಟದ್ದು, ಸರಿ ಮಾಡಿದ್ದು

ಆ ಯಂತ್ರದ ಒಂದೊಂದು ಕಾಯಿಲೆಗೂ ಒಂದೊಂದು ಕಾಲದ ಗುರುತಿದೆ.

ಮೊದಲನೆಯದು ಧೂಳು. ನಮ್ಮೂರ ಕೆಂಪು ಮಣ್ಣು ನಿಮಗೆ ಗೊತ್ತು. ಒಂದು ದಿನ ಗುಂಡಿ ಒತ್ತಿದರೆ ತೆರೆ ಕಪ್ಪು, ಒಳಗಿಂದ ಉದ್ದಕ್ಕೆ 'ಬೀಪ್... ಬೀಪ್...' ಅಂತ ಸದ್ದು. ಮೇಷ್ಟ್ರಿಗೆ ಗಾಬರಿ. ಆ ಸದ್ದು ಯಂತ್ರದ ಭಾಷೆ. ತೆರೆಯಲ್ಲಿ ತೋರಿಸಲಾಗದ್ದನ್ನು ಸದ್ದಿನಲ್ಲಿ ಹೇಳುತ್ತದೆ. ಅವಾರ್ಡ್ ಕಂಪನಿಯ ಬಯೋಸ್ ಇದ್ದರೆ, ಉದ್ದ ಸದ್ದು ಬಿಟ್ಟು ಬಿಟ್ಟು ಬಂದರೆ ರ್‍ಯಾಮ್ ತೊಂದರೆ. ಒಂದು ಉದ್ದ ಎರಡು ಗಿಡ್ಡ ಬಂದರೆ ಚಿತ್ರ ಮೂಡಿಸುವ ಕಾರ್ಡಿನ ತೊಂದರೆ. ಕರೆಂಟಿನ ವಯರು ಕಿತ್ತು, ಪೆಟ್ಟಿಗೆಯ ಬರೀ ಲೋಹವನ್ನು ಒಮ್ಮೆ ಮುಟ್ಟಿ (ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲಿ ಅಂತ), ರ್‍ಯಾಮ್ ಪಟ್ಟಿಯನ್ನು ಬಿಡಿಸಿದೆ. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಬ್ಬು. ಪೆನ್ಸಿಲ್ ಅಳಿಸುವ ಮೆತ್ತಗಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಬ್ರಷ್ಷಿನಿಂದ ಗಾಡಿಯ ಧೂಳು ತೆಗೆದು ಮತ್ತೆ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿದೆ. ಓಡಿತು. ಈ ನಾಡಿನಲ್ಲಿ ಎಷ್ಟು ಸಾವಿರ ಯಂತ್ರಗಳು ಶಾಲೆ ಮಗುವಿನ ರಬ್ಬರಿನಿಂದ ಬದುಕಿಕೊಂಡಿವೆಯೋ!

ಎರಡನೆಯದು ವೈರಸ್. 1999ರ ಏಪ್ರಿಲ್ 26ರಂದು, ತೈವಾನಿನ ಚೆನ್ ಇಂಗ್-ಹಾವ್ ಎಂಬ ವಿದ್ಯಾರ್ಥಿ ಬರೆದ 'ಸಿಐಎಚ್' ವೈರಸ್ ಲೋಕದ ಲಕ್ಷಾಂತರ ಕಂಪ್ಯೂಟರುಗಳ ಡಿಸ್ಕಿನ ಮೊದಲ ಭಾಗವನ್ನು ಅಳಿಸಿತು. ಕೆಲವದರಲ್ಲಿ ಬಯೋಸನ್ನೇ ಕೆಡಿಸಿತು. ಚೆರ್ನೋಬಿಲ್ ದುರಂತದ ದಿನವೂ ಅದೇ ಆದ್ದರಿಂದ ಆ ಹೆಸರೂ ಬಂತು. ನಮ್ಮ ಯಂತ್ರ ಬಂದದ್ದು ಅದಾದ ಮೇಲೆ, ಆದರೂ ಭಯ ಉಳಿದಿತ್ತು. ಯಾರು ಫ್ಲಾಪಿ ತಂದರೂ ಮೇಷ್ಟ್ರು ಮೊದಲು "ಎಲ್ಲೆಲ್ಲಿ ಹಾಕಿದ್ದೆ ಇದನ್ನ?" ಅಂತ ವಿಚಾರಣೆ ಮಾಡುತ್ತಿದ್ದರು. ಚಪ್ಪಲಿ ಹೊರಗೆ ಬಿಡಿಸಿದ ಹಾಗೆ.

ಮೂರನೆಯದು ಬ್ಯಾಟರಿ. ಮದರ್‌ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯದ ಹಾಗೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ಓಡುವುದು ಅದರಿಂದ. ಮೇಷ್ಟ್ರು ದಿನಾ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದರಿಂದ ಮೂರು ವರ್ಷಕ್ಕೇ ಬಿಲ್ಲೆ ಸೊರಗಿತು. ಬೆಳಗ್ಗೆ ಶುರು ಮಾಡಿದರೆ 'ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ' ಅಂತ ಬರುತ್ತಿತ್ತು. ಅವರು ಎಫ್1 ಒತ್ತಿ ಬರೆಯಲು ಕೂರುತ್ತಿದ್ದರು, ನನಗೆ ಹೇಳಲೇ ಇಲ್ಲ. ದಿನಾ ಬೆಳಗ್ಗೆ ಆ ಯಂತ್ರಕ್ಕೆ 2000ದ ಜನವರಿ 1. ಸುಮಾರು ಎರಡು ವರ್ಷ ಹೀಗೇ ನಡೆಯಿತು. ಇಪ್ಪತ್ತು ಮೂವತ್ತು ರೂಪಾಯಿಯ ಬಿಲ್ಲೆ ಬದಲಾಯಿಸದೆ ನಾವು ಕಳೆದುಕೊಂಡದ್ದು ಏನು ಅನ್ನುವುದು ಮುಂದೆ ಗೊತ್ತಾಯಿತು.

ನಾಲ್ಕನೆಯದು ಊದಿದ ಕೆಪಾಸಿಟರು. ಯಂತ್ರ ಸುಮ್ಮಸುಮ್ಮನೆ ನಿಂತು ಮತ್ತೆ ಶುರುವಾಗತೊಡಗಿತು. ಮುಚ್ಚಳ ತೆಗೆದರೆ ಪ್ರೊಸೆಸರಿನ ಪಕ್ಕದ ಸಣ್ಣ ಉರುಳೆಗಳ ತಲೆ ಪೂರಿಯ ಹಾಗೆ ಉಬ್ಬಿ, ಎರಡರಿಂದ ಕಂದು ಅಂಟು ಸೋರಿತ್ತು. ಇದು ನಮ್ಮೊಬ್ಬರ ಕರ್ಮವಲ್ಲ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಲಕ್ಷಾಂತರ ಬೋರ್ಡುಗಳಲ್ಲಿ ಒಳಗಿನ ದ್ರಾವಣ ಸರಿಯಿಲ್ಲದ ಕೆಪಾಸಿಟರುಗಳಿದ್ದು, ಲೋಕದಾದ್ಯಂತ ಹೀಗೇ ಉಬ್ಬಿ ಸತ್ತವು. ನಮ್ಮೂರಿನ ರೇಡಿಯೋ ರಿಪೇರಿ ತಾತ ಭೂತಗನ್ನಡಿ ಹಾಕಿಕೊಂಡು ನೋಡಿ, "ಇದೇನಪ್ಪಾ ಹೊಸ ರೋಗ ಅಲ್ಲ, ನಮ್ ರೇಡಿಯೋದಲ್ಲೂ ಇಂಗೇ ಆಯ್ತಿತ್ತು" ಅಂದರು. ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟು ಅಷ್ಟೇ ಅಥವಾ ಒಂದು ಮೆಟ್ಟಲು ಜಾಸ್ತಿ, 105 ಡಿಗ್ರಿ ತಾಳುವುದು. ಇಷ್ಟು ಬರೆದುಕೊಂಡು ಹೋಗಿ ಎಸ್.ಪಿ. ರೋಡಿನಿಂದ ತಂದೆ. ಮೈನಸ್ ಪಟ್ಟೆ ಯಾವ ಕಡೆ ಇತ್ತೋ ಅದೇ ಕಡೆ ಬರುವಂತೆ ತಾತ ಬೆಸುಗೆ ಹಾಕಿದರು. ದುಡ್ಡು ತೊಗೊಳ್ಳಲಿಲ್ಲ. "ಮೇಷ್ಟ್ರು ನನ್ ಮಗನ್ನ ಪಾಸ್ ಮಾಡಿದ್ದಾರೆ" ಅಂದರು.

ಐದನೆಯದು ಕರೆಂಟು. 2008ರಿಂದ ಕೆಲವು ವರ್ಷ ತಮಿಳುನಾಡಿನ ಹಳ್ಳಿಗಳು ಅನುಭವಿಸಿದ ಪವರ್ ಕಟ್ ಯಾರೂ ಮರೆತಿಲ್ಲ. 2012ರಲ್ಲಂತೂ ದಿನದಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಕತ್ತಲೆ. ಕರೆಂಟು ಹೋಗುವುದಕ್ಕಿಂತ ಬರುವಾಗಿನ ಜಿಗಿತವೇ ಕೆಟ್ಟದ್ದು. ಟಮೋಟೊ ತೋಟದವರ ಮೋಟರುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜು ಮೇಲೆ ಕೆಳಗೆ ಆಗಿ, ಪೆಟ್ಟಿಗೆಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಸೊರಗುತ್ತಿತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಎಸ್‌ಎಂಪಿಎಸ್ ಡಬ್ಬಿಯನ್ನೂ ಹಳೇ ದಪ್ಪ ಮಾನಿಟರನ್ನೂ ಮಕ್ಕಳು ಬಿಚ್ಚಬಾರದು. ವಯರು ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ನಿಂತಿರುತ್ತದೆ.

ನಿಂತೇ ಹೋದದ್ದು

ಮೇಷ್ಟ್ರು 2009ರಲ್ಲಿ ತೀರಿಕೊಂಡರು. ಮನೆಯವರು ಯಂತ್ರವನ್ನು ವಾಚನಾಲಯಕ್ಕೆ ಕೊಟ್ಟರು. ನಾವು ಅದಕ್ಕೆ ಹಾರ ಹಾಕಿದೆವು, ಆದರೆ ಒಳಗಿದ್ದದ್ದನ್ನು ಇನ್ನೊಂದು ಕಡೆ ಪ್ರತಿ ಮಾಡಿಟ್ಟುಕೊಳ್ಳಲಿಲ್ಲ. ಆ ತಪ್ಪು ನನ್ನದು. 2011ರ ಸೆಪ್ಟೆಂಬರಿನಿಂದ ಸರ್ಕಾರ ಹೈಯರ್ ಸೆಕೆಂಡರಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚತೊಡಗಿದ ಮೇಲೆ ಈ ದಪ್ಪ ಪೆಟ್ಟಿಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

2013ರಲ್ಲಿ ಮೇಷ್ಟ್ರ ಮೊಮ್ಮಗಳ ಮದುವೆ. ಸೋಬಾನೆ ಪದ ಬೇಕು ಅಂತ ಅವರ ಸೊಸೆ ಕೇಳಿಕೊಂಡು ಬಂದರು. ಹೇಳಿಕೊಡುತ್ತಿದ್ದ ಅಜ್ಜಿಯರಲ್ಲಿ ಒಬ್ಬರೂ ಉಳಿದಿರಲಿಲ್ಲ. ಗುಂಡಿ ಒತ್ತಿದೆ. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು.

ಹೊಸೂರಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಹತ್ತು ನಿಮಿಷ ನೋಡಿ, "ಬೋರ್ಡು ಹೋಗಿದೆ, ಡಿಸ್ಕೂ ಹೋಗಿದೆ. ಹೊಸದು ತಗೊಳ್ಳಿ ಸಾರ್" ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಕಾಲ ಹತ್ತಿರ ಇಟ್ಟುಕೊಂಡು ಕೂತೆ. ಆಗ ರೇಡಿಯೋ ತಾತ ಹೇಳುತ್ತಿದ್ದ ಮಾತು ನೆನಪಾಯಿತು: "ಎಲ್ಲಾ ಒಟ್ಟಿಗೆ ಸಾಯಲ್ಲ ಕಣಪ್ಪಾ. ಒಂದ್ ಸತ್ತು, ಮಿಕ್ಕಿದ್ದು ಸತ್ತಂಗೆ ಕಾಣ್ತದೆ."

ಮನೆಗೆ ಬಂದು ಒಂದೊಂದಾಗಿ ಬಿಡಿಸಿದೆ. ಸಿಡಿ ಡ್ರೈವು, ಫ್ಲಾಪಿ, ಡಿಸ್ಕು ಎಲ್ಲದರ ವಯರು ಕಿತ್ತು, ಬರೀ ಬೋರ್ಡು, ಪ್ರೊಸೆಸರು, ರ್‍ಯಾಮ್ ಇಟ್ಟೆ. ಫ್ಯಾನು ಅದೇ ಥರ ನಿಂತಿತು. ಗೆಳೆಯನ ಹತ್ತಿರ ಎಸ್‌ಎಂಪಿಎಸ್ ಎರವಲು ತಂದು ಹಾಕಿದೆ. ಫ್ಯಾನು ಓಡಿತು, ತೆರೆ ಬಂತು. ಅಂದರೆ ಬೋರ್ಡು ಚೆನ್ನಾಗೇ ಇತ್ತು. ಡಿಸ್ಕು ಮಾತ್ರ ಕಾಣುತ್ತಿಲ್ಲ. ಚಪ್ಪಟೆ ಕೇಬಲ್ ಬದಲಾಯಿಸಿದೆ. ಕಾಣಿಸಿಕೊಂಡಿತು, ಆದರೆ ಒಳಗಿಂದ 'ಟಿಕ್ ಟಿಕ್' ಸದ್ದು. ಆ ಸದ್ದು ಕೇಳಿದರೆ ಮುಂದೆ ಒಂದು ನಿಮಿಷವೂ ಅದರ ಮೇಲೆ ಬೇರೆ ಕೆಲಸ ಮಾಡಬಾರದು, ಇರುವುದನ್ನು ಮೊದಲು ಹೊರಗೆ ತೆಗೆಯಬೇಕು. ಡಿಸ್ಕಿನ ಹಿಂದಿನ ಜಂಪರನ್ನು 'ಸ್ಲೇವ್' ಜಾಗಕ್ಕೆ ಬದಲಾಯಿಸಿ, ನನ್ನ ವಿಂಡೋಸ್ ಎಕ್ಸ್‌ಪಿ ಯಂತ್ರಕ್ಕೆ ಸೇರಿಸಿ, ರಾತ್ರಿ ಕರೆಂಟು ಇದ್ದ ಎರಡು ಗಂಟೆಯಲ್ಲಿ ಮೇಷ್ಟ್ರ ಫೈಲುಗಳನ್ನು ಪ್ರತಿ ಮಾಡಿಕೊಂಡೆ. ಒಂದು ಫೈಲು ಅರ್ಧಕ್ಕೆ ನಿಂತಿತು. ಎಷ್ಟು ಸಲ ಮಾಡಿದರೂ ಅಷ್ಟೇ. ಮದುಮಗಳನ್ನು ಹಸೆಗೆ ಕರೆಯುವ ಪದ ಅದು. ಮೊದಲರ್ಧ ಬಂತು, ಉಳಿದದ್ದು ಇವತ್ತಿಗೂ ಸಿಕ್ಕಿಲ್ಲ.

ಉಳಿದವನ್ನು ತೆರೆದರೆ ಇನ್ನೊಂದು ಆಘಾತ. ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಟೋಪಿ, ಕೊಂಬು, ಚುಕ್ಕಿ. ಕಾರಣ ಇದು: ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. 1991ರಲ್ಲಿ ಬಂದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೂ ಇತ್ತು. ಆದರೆ ಮೇಷ್ಟ್ರು ಬರೆದದ್ದು ವಿಂಡೋಸ್ 98ರಲ್ಲಿ, ಹಳೇ ಸಂಕೇತದಲ್ಲಿ. ಹಳೇ ಫಾಂಟ್ ಹಾಕಿದೆ, ಓದಲು ಬಂತು. ಪರಿವರ್ತಿಸುವ ಸಾಧನದಿಂದ ಯೂನಿಕೋಡಿಗೆ ತಂದೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪಿದವು. ನಮ್ಮ ಶಾಲೆಯ ಈಗಿನ ಟೀಚರಮ್ಮ ಒಂದು ಬೇಸಿಗೆ ರಜೆ ಪೂರ್ತಿ ಕೂತು ತಿದ್ದಿಕೊಟ್ಟರು.

ತಾರೀಖಿನ ಜಗಳ

ಆಗ ಬಂತು ಬ್ಯಾಟರಿಯ ಬಡ್ಡಿ. ಕೆರೆ ಹೆಸರುಗಳ ಪಟ್ಟಿ ಎರಡು ಇದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವುದು ಮೊದಲಿನದು, ಯಾವುದು ತಿದ್ದಿದ್ದು? ಕಂಪ್ಯೂಟರು ಎರಡಕ್ಕೂ 2000ದ ಜನವರಿ 1 ಅನ್ನುತ್ತಿತ್ತು. ಆ ತಾರೀಖಿಗೆ ಯಂತ್ರ ನಮ್ಮೂರಿಗೆ ಬಂದೇ ಇರಲಿಲ್ಲ!

ಬಿಡಿಸಿಕೊಟ್ಟದ್ದು ಮೇಷ್ಟ್ರ ವಿಳಾಸ. ಪ್ರತಿ ಫೈಲಿನ ತಲೆಯಲ್ಲಿ ವಿಳಾಸ ಬರೆಯುವುದು ಅವರ ಪದ್ಧತಿ. ಒಂದು ಪಟ್ಟಿಯಲ್ಲಿ 'ಧರ್ಮಪುರಿ ಜಿಲ್ಲೆ' ಇತ್ತು, ಇನ್ನೊಂದರಲ್ಲಿ 'ಕೃಷ್ಣಗಿರಿ ಜಿಲ್ಲೆ'. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರ ಫೆಬ್ರವರಿ 9ರಂದು. ಹಾಗಾಗಿ ಎರಡನೆಯದೇ ತಿದ್ದಿದ ಪಟ್ಟಿ. ಕಲ್ಲು ಶಾಸನದಲ್ಲಿ ಇಸವಿ ಅಳಿಸಿಹೋಗಿದ್ದರೆ ಪಂಡಿತರು ರಾಜನ ಹೆಸರು, ನಾಡಿನ ಹೆಸರು ನೋಡಿ ಕಾಲ ಹೇಳುತ್ತಾರಲ್ಲ, ನಾವು ಮಾಡಿದ್ದೂ ಅದನ್ನೇ. ಟೀಚರಮ್ಮ ಇದನ್ನು ಮಕ್ಕಳಿಗೆ ಚರಿತ್ರೆ ಪಾಠದಲ್ಲಿ ಹೇಳುತ್ತಾರಂತೆ.

ಆ ಎರಡನೇ ಪಟ್ಟಿಯೇ ಈಗ ನಮ್ಮ ವಾಚನಾಲಯದ ಗೋಡೆಯಲ್ಲಿ ಕಟ್ಟು ಹಾಕಿ ತೂಗಿರುವುದು. ಅದರಲ್ಲಿರುವ ಕೆಲವು ಕುಂಟೆಗಳ ಮೇಲೆ ಇವತ್ತು ಮನೆ ಎದ್ದಿವೆ. ಹೆಸರು ಗೋಡೆಯಲ್ಲಿ ಮಾತ್ರ ಉಳಿದಿದೆ.

ಹುಡುಗರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು. ಯಂತ್ರ ಓಡುವುದಿಲ್ಲ, ನಿಜ. ಟಿಕ್ ಟಿಕ್ ಅನ್ನುವ ಡಿಸ್ಕನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಆ ಅರ್ಧ ಹಾಡನ್ನು ತೆಗೆಯುವ ಉಪಾಯ ಬಲ್ಲವರು ಮುಂದೆ ಯಾರಾದರೂ ಸಿಕ್ಕಾರು. ಮಿಕ್ಕ ಪೆಟ್ಟಿಗೆಯನ್ನು ಕೊಡುವುದಾದರೂ ಗುಜರಿ ಗಾಡಿಗೆ ಬೇಡ. ಬೋರ್ಡಿನಲ್ಲೂ ಮಾನಿಟರಿನಲ್ಲೂ ಸೀಸವಿದೆ, ಸುಟ್ಟರೆ ನಮ್ಮ ನೀರಿಗೇ ಬರುತ್ತದೆ. ಅಂಥದ್ದನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಕಂಪ್ಯೂಟರು, ಫ್ಲಾಪಿ, ಸಿ.ಡಿ. ಇದ್ದರೆ ವಾಚನಾಲಯಕ್ಕೆ ತನ್ನಿ. ಭಾನುವಾರ ಬೆಳಗ್ಗೆ ನಾನು ಇರುತ್ತೇನೆ. ಒಳಗಿರುವುದನ್ನು ಪ್ರತಿ ಮಾಡಿ ನಿಮಗೊಂದು ಕೊಡುತ್ತೇನೆ, ನೀವು ಒಪ್ಪಿದರೆ ಇಲ್ಲೊಂದು ಇಡುತ್ತೇನೆ, ಮುಖ್ಯವಾದದ್ದನ್ನು ಕಾಗದದ ಮೇಲೂ ಅಚ್ಚು ಹಾಕೋಣ. ಮತ್ತೆ, ಹಸೆಗೆ ಕರೆಯುವ ಆ ಪದದ ಉಳಿದರ್ಧ ನಿಮ್ಮ ಮನೆಯ ಅಜ್ಜಿಗೆ ಬರುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಅವತ್ತೇ ಹೇಳಿಕಳಿಸಿ, ಬರುತ್ತೇನೆ.